ಟೇಕ್ ಮಧ್ಯೆ ಫ್ಯಾನ್ ಏರಿದರೆ: ಸ್ಟುಡಿಯೋ ಕಂಪ್ಯೂಟರ್‌ನ ಬಿಸಿ ಮತ್ತು ಸದ್ದಿನ ದೋಷ ನಿವಾರಣೆ

ವೀಣೆಯ ತಂತಿ ಮೀಟಿ ಬಿಟ್ಟರೆ ಆ ನಾದ ಪೂರ್ತಿ ಕರಗಲು ಸುಮಾರು ಹೊತ್ತು ಬೇಕು. ರೆಕಾರ್ಡಿಂಗ್‌ನಲ್ಲಿ ತುಂಬ ನಾಜೂಕಾದ ಜಾಗ ಅದೇ. ಕಳೆದ ಏಪ್ರಿಲ್‌ನಲ್ಲಿ ಬೆಂಗಳೂರಿನ ನಮ್ಮ ಚಿಕ್ಕ ಸ್ಟುಡಿಯೋದಲ್ಲಿ ಹಿರಿಯ ವೀಣೆ ಟೀಚರ್ ಒಬ್ಬರು ನುಡಿಸುತ್ತಿದ್ದರು. ಮೊದಲ ಎರಡು ಟೇಕ್ ತಿಳಿನೀರಿನ ಹಾಗೆ ಬಂದವು. ನಾಲ್ಕನೆಯದರಲ್ಲಿ ನಾದ ಇಳಿಯುತ್ತಿದ್ದ ಹಾಗೆ ಅದರ ಅಡಿಯಿಂದ ಇನ್ನೊಂದು ಸದ್ದು ಮೇಲೆದ್ದಿತು, ಸಣ್ಣಗೆ ಗುಂಯ್ ಎಂದು. ಆರನೆಯದರಲ್ಲಿ ಎರಡು ಕಡೆ ಟಕ್ ಎಂದು ಕ್ಲಿಕ್ ಬಿದ್ದವು. ಟೀಚರ್ ಕೈ ನಿಲ್ಲಿಸಿ ಕೇಳಿದರು: “ಯಾಕಪ್ಪ, ಎಲ್ಲೋ ಮಿಷನ್ ಓಡ್ತಾ ಇದೆ ಅಲ್ವಾ?”

ಓಡುತ್ತಿದ್ದದ್ದು ನಮ್ಮ ಕಂಪ್ಯೂಟರ್‌ನ ಫ್ಯಾನ್. ನಾನು ಆ ಹೊತ್ತಿಗೆ ಹೊಳೆದದ್ದನ್ನು ಮಾಡಿದೆ, ಫ್ಯಾನ್ ವೇಗ ಇಳಿಸಿದೆ. ಗುಂಯ್ ನಿಂತಿತು. ಹತ್ತು ನಿಮಿಷದಲ್ಲಿ ಕ್ಲಿಕ್ ಇನ್ನೂ ಜಾಸ್ತಿಯಾದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಫ್ಯಾನ್‌ನಲ್ಲಿ ಏನೂ ದೋಷ ಇರಲಿಲ್ಲ. ಒಳಗೆ ಬಿಸಿ ಏರಿದೆ ಎಂದು ಅದು ಹೇಳುತ್ತಿತ್ತು, ನಾನು ಅದರ ಬಾಯಿ ಮುಚ್ಚಿಸಿದ್ದೆ.

ಆಮೇಲೆ ಎರಡು ದಿನ ಕೂತು ಹುಡುಕಿದೆ. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ನೋಡಬೇಕು ಎಂಬುದು ಆಗ ಗೊತ್ತಾಯಿತು. ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾವೆಲ್ಲ ಇಡೀ ಪೆಟ್ಟಿಗೆಯನ್ನೇ ಸಿಪಿಯು ಅನ್ನುತ್ತೇವೆ. ಇಲ್ಲಿ ಗೊಂದಲ ಬೇಡ. ಪೆಟ್ಟಿಗೆಗೆ ಟವರ್ ಎನ್ನುತ್ತೇನೆ, ಒಳಗಿನ ಚಿಪ್‌ಗೆ ಪ್ರೊಸೆಸರ್ ಎನ್ನುತ್ತೇನೆ.

ಸದ್ದು ಗಾಳಿಯಲ್ಲಿದೆಯಾ, ತಂತಿಯಲ್ಲಿದೆಯಾ?

ಇದನ್ನು ತೀರ್ಮಾನ ಮಾಡದೆ ಸ್ಕ್ರೂಡ್ರೈವರ್ ಮುಟ್ಟಬೇಡಿ. ರೆಕಾರ್ಡಿಂಗ್‌ಗೆ ಇಟ್ಟ ಗೇನ್ (ಮೈಕ್‌ನ ಸದ್ದನ್ನು ಎಷ್ಟು ಹಿಗ್ಗಿಸಬೇಕು ಎಂಬ ಗುಂಡಿ) ಹಾಗೇ ಇರಲಿ. ಎಲ್ಲರೂ ಸುಮ್ಮನೆ ಕೂತು 30 ಸೆಕೆಂಡ್ ಖಾಲಿ ಕೋಣೆಯನ್ನು ರೆಕಾರ್ಡ್ ಮಾಡಿ. ಆಮೇಲೆ ಫ್ಯಾಂಟಮ್ ಪವರ್ (ಕೇಬಲ್ ಮೂಲಕ ಮೈಕ್‌ಗೆ ಹೋಗುವ ಕರೆಂಟ್) ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಮೈಕ್ ಕೇಬಲ್ ಕಳಚಿ. ಅದೇ ಗೇನ್‌ನಲ್ಲಿ ಇನ್ನೊಂದು 30 ಸೆಕೆಂಡ್ ರೆಕಾರ್ಡ್ ಮಾಡಿ.

ಮೈಕ್ ಇಲ್ಲದಿದ್ದರೂ ಗುಂಯ್ ಉಳಿದಿದ್ದರೆ ಅದು ಬಿಸಿಯ ಸಮಸ್ಯೆಯೇ ಅಲ್ಲ. ಟಕ್ ಎನ್ನುವ ಕ್ಲಿಕ್‌ನ ಮಾತು ಬೇರೆ, ಅದು ಮುಂದೆ ಬರುತ್ತದೆ. ಮೌಸ್ ಅಲ್ಲಾಡಿಸಿದಾಗ, ಪರದೆ ಸ್ಕ್ರೋಲ್ ಮಾಡಿದಾಗ ಕಿರಿಕಿರಿ ಬದಲಾಗುತ್ತಿದ್ದರೆ ಅದು ಅರ್ತಿಂಗ್ ಅಥವಾ ಯುಎಸ್‌ಬಿ ದಾರಿಯಿಂದ ಬರುತ್ತಿದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ನಿಂತರೆ ಚಾರ್ಜರ್ ಕಡೆ ಹುಡುಕಿ. ಸದ್ದು ಹೋಗಲಿ ಎಂದು ಪ್ಲಗ್‌ನ ಅರ್ತ್ ಪಿನ್ ಮಾತ್ರ ಯಾವತ್ತೂ ತೆಗೆಯಬೇಡಿ. ಅದು ಜೀವ ಕಾಯುವ ತಂತಿ.

ಮೈಕ್ ಕಳಚಿದ ಕೂಡಲೇ ಸದ್ದು ಹೋಯಿತು ಅಂದರೆ ಅದು ಕೋಣೆಯ ಗಾಳಿಯಲ್ಲಿದೆ. ಮುಂದೆ ಓದಿ.

ಪ್ರತಿ ಸದ್ದಿಗೂ ಒಂದು ವಿಳಾಸ

ಆ ಮೊದಲ 30 ಸೆಕೆಂಡ್ ಕಡತವನ್ನು ಸ್ಪೆಕ್ಟ್ರಮ್‌ನಲ್ಲಿ, ಅಂದರೆ ಯಾವ ಹರ್ಟ್ಸ್‌ನಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ಚಿತ್ರದಲ್ಲಿ ನೋಡಿ. ಉಚಿತವಾಗಿ ಸಿಗುವ ಆಡಾಸಿಟಿಯಲ್ಲಿ ಅನಲೈಜ್ ಮೆನು ಒಳಗೆ ಪ್ಲಾಟ್ ಸ್ಪೆಕ್ಟ್ರಮ್ ಇದೆ. ಸೈಜ್ 16384 ಇಡಿ. 48 ಕಿಲೋಹರ್ಟ್ಸ್ ಕಡತದಲ್ಲಿ ಆಗ ಸುಮಾರು 3 ಹರ್ಟ್ಸ್‌ಗೆ ಒಂದರಂತೆ ಬಿಂದು ಸಿಗುತ್ತದೆ. ಈ ಕೆಲಸಕ್ಕೆ ಅಷ್ಟು ಸಾಕು.

ಚಿತ್ರದಲ್ಲಿ ಚೂಪಾಗಿ ಎದ್ದು ನಿಂತ ಮೊನೆ 100 ಹರ್ಟ್ಸ್‌ನಲ್ಲಿದ್ದರೆ ಅದು ಕರೆಂಟ್ ಸದ್ದು. ನಮ್ಮ ಕರೆಂಟ್ 50 ಹರ್ಟ್ಸ್, ಟ್ರಾನ್ಸ್‌ಫಾರ್ಮರ್ ನಡುಗುವುದು ಅದರ ಎರಡು ಪಟ್ಟು. ಯುಪಿಎಸ್, ಸ್ಟೆಬಿಲೈಜರ್, ಹಳೇ ಟ್ಯೂಬ್‌ಲೈಟ್‌ನ ಚೋಕ್ ಇವೆಲ್ಲ ಇಲ್ಲಿಯೇ ಹಾಡುತ್ತವೆ. ಕರೆಂಟ್ ಹೋಗಿ ಇನ್ವರ್ಟರ್ ಹಿಡಿದಾಗ ಸದ್ದು ಒರಟಾದರೆ ಅನುಮಾನವೇ ಬೇಡ. ಪೂರ್ತಿ ಸೈನ್ ವೇವ್ ಕೊಡದ ಇನ್ವರ್ಟರ್‌ಗಳಲ್ಲಿ ಈ ಝೇಂಕಾರ ತುಂಬ ಜೋರು. ಕಂಪ್ಯೂಟರ್ ಮೇಲೆ ತಪ್ಪು ಹೊರಿಸಿ, ಕೊನೆಗೆ ಟೇಬಲ್ ಅಡಿಯ ಯುಪಿಎಸ್ ಎಂದು ಗೊತ್ತಾದವರನ್ನು ನಾನು ಕಂಡಿದ್ದೇನೆ. ಅದನ್ನು ಪಕ್ಕದ ಕೋಣೆಗೆ ಒಯ್ದರೆ ಅಲ್ಲಿಗೆ ಕಥೆ ಮುಗಿಯಿತು.

120 ಹರ್ಟ್ಸ್ ಮೊನೆ ಹಾರ್ಡ್ ಡಿಸ್ಕ್‌ನದು. 7200 ಆರ್‌ಪಿಎಂ ಎಂದರೆ ನಿಮಿಷಕ್ಕೆ 7200 ಸುತ್ತು, ಸೆಕೆಂಡಿಗೆ 120. 5400ರದ್ದಾದರೆ 90ರಲ್ಲಿ ಕಾಣುತ್ತದೆ. ಈ ಮೊನೆ ಬಿಸಿ ಏರಿದರೂ ಇಳಿದರೂ ಜಾಗ ಬಿಡುವುದಿಲ್ಲ.

ಫ್ಯಾನ್‌ನ ಮೊನೆ ಹಾಗಲ್ಲ, ಓಡಾಡುತ್ತದೆ. ಲೆಕ್ಕ ಸುಲಭ. ಆರ್‌ಪಿಎಂ ಅನ್ನು ರೆಕ್ಕೆಗಳ ಸಂಖ್ಯೆಯಿಂದ ಗುಣಿಸಿ 60ರಿಂದ ಭಾಗಿಸಿ. 7 ರೆಕ್ಕೆಯ ಫ್ಯಾನ್ 1200ರಲ್ಲಿ ತಿರುಗುತ್ತಿದ್ದರೆ 140 ಹರ್ಟ್ಸ್ ಬರುತ್ತದೆ. ವೇಗ ಬದಲಿಸಿ ಮತ್ತೆ ರೆಕಾರ್ಡ್ ಮಾಡಿ. ಯಾವ ಮೊನೆ ಸರಿಯಿತೋ ಅದು ಆ ಫ್ಯಾನ್. ಟವರ್‌ನಲ್ಲಿ ನಾಲ್ಕು ಫ್ಯಾನ್ ಇದ್ದರೆ ಒಂದೊಂದನ್ನೇ ಬದಲಿಸುತ್ತ ಹೋಗಿ. ನಮ್ಮಲ್ಲಿ ಸಿಕ್ಕಿಬಿದ್ದದ್ದು ಪ್ರೊಸೆಸರ್ ಮೇಲಿನ ಫ್ಯಾನ್. ಮೊದಲ ಟೇಕ್‌ನಲ್ಲಿ 95ರ ಹತ್ತಿರ ಇದ್ದ ಮೊನೆ, ಆರನೆಯದರಲ್ಲಿ 200 ದಾಟಿತ್ತು.

ಮೊನೆಯೇ ಇಲ್ಲದೆ ಅಗಲವಾಗಿ ಹರಡಿದ ಹುಸ್ಸ್ ಇದ್ದರೆ ಅದು ಗಾಳಿ ಕಿರಿದಾದ ಕಂಡಿಯಲ್ಲಿ ತುರುಕಿಕೊಂಡು ಹೋಗುವ ಸದ್ದು. ಕಿವಿಗೆ ಚುಚ್ಚುವ ಕೀರಲು, ಅದರಲ್ಲೂ ಕಂಪ್ಯೂಟರ್‌ನ ಕೆಲಸ ಬದಲಾದ ಹಾಗೆ ಬದಲಾಗುವ ಕೀರಲು, ಗ್ರಾಫಿಕ್ಸ್ ಕಾರ್ಡ್ ಅಥವಾ ಪವರ್ ಸಪ್ಲೈನ ಸುರುಳಿಯದು. ಅದಕ್ಕೆ ಫ್ಯಾನ್ ಬದಲಿಸಿ ಪ್ರಯೋಜನ ಇಲ್ಲ.

ಸ್ಪೆಕ್ಟ್ರಮ್ ನೋಡುವ ಅಭ್ಯಾಸ ಇಲ್ಲದವರು ದಿನಪತ್ರಿಕೆ ಸುತ್ತಿ ಕೊಳವೆ ಮಾಡಿಕೊಂಡು ಒಂದು ತುದಿ ಕಿವಿಗೆ ಇಟ್ಟುಕೊಳ್ಳಿ. ಇನ್ನೊಂದು ತುದಿಯನ್ನು ಟವರ್ ಸುತ್ತ ನಿಧಾನವಾಗಿ ಆಡಿಸಿ. ಸದ್ದು ಎಲ್ಲಿಂದ ಬರುತ್ತಿದೆ ಎಂದು ಕೂಡಲೇ ಗೊತ್ತಾಗುತ್ತದೆ. ತುದಿ ರೆಕ್ಕೆಗೆ ತಾಗದ ಹಾಗೆ ನೋಡಿಕೊಳ್ಳಿ.

ಎರಡು ಥರ್ಮಾಮೀಟರ್ ಓದು

ಇಡೀ ಹುಡುಕಾಟದಲ್ಲಿ ನನಗೆ ಅತಿ ಹೆಚ್ಚು ಸಹಾಯ ಮಾಡಿದ್ದು ತಂತಿಯ ತುದಿಯಲ್ಲಿ ಸೆನ್ಸರ್ ಇರುವ ಒಂದು ಸಣ್ಣ ಡಿಜಿಟಲ್ ಥರ್ಮಾಮೀಟರ್. ಪ್ರೊಸೆಸರ್ ಎಷ್ಟು ಬಿಸಿ ಎಂದು ಎಲ್ಲರೂ ನೋಡುತ್ತಾರೆ. ಟವರ್ ಒಳಗೆ ಹೋಗುತ್ತಿರುವ ಗಾಳಿ ಎಷ್ಟು ಬಿಸಿ ಎಂದು ಯಾರೂ ನೋಡುವುದಿಲ್ಲ. ಉತ್ತರ ಇರುವುದು ಅಲ್ಲೇ.

ಒಂದು ಓದು ಕೋಣೆಯ ಮಧ್ಯೆ, ಕೂತವರ ಎದೆ ಮಟ್ಟದಲ್ಲಿ. ಇನ್ನೊಂದು ಟವರ್ ಗಾಳಿ ಎಳೆದುಕೊಳ್ಳುವ ಬಾಯಿಯ ಹತ್ತಿರ. ನಿಜವಾದ ರೆಕಾರ್ಡಿಂಗ್ ಹಾಗೆಯೇ ಬಾಗಿಲು ಹಾಕಿ ಒಂದು ಗಂಟೆ ಓಡಿಸಿ, ಆಮೇಲೆ ನೋಡಿ. ಎರಡರ ನಡುವೆ 2–3 ಡಿಗ್ರಿ ಅಷ್ಟೇ ವ್ಯತ್ಯಾಸ ಇದ್ದು ಪ್ರೊಸೆಸರ್ ಕುದಿಯುತ್ತಿದ್ದರೆ ದೋಷ ಟವರ್ ಒಳಗಿದೆ. ವ್ಯತ್ಯಾಸ ಅದಕ್ಕಿಂತ ತುಂಬ ಜಾಸ್ತಿ ಇದ್ದರೆ ದೋಷ ಟವರ್ ಇಟ್ಟ ಜಾಗದಲ್ಲಿದೆ. ಎರಡೂ ಓದು ಒಟ್ಟಿಗೆ ಏರುತ್ತಿದ್ದರೆ ಕೋಣೆಯೇ ಬಿಸಿಯಾಗುತ್ತಿದೆ.

ನಮ್ಮಲ್ಲಿ ಕೋಣೆ 29 ಇತ್ತು. ಟವರ್ ಇಟ್ಟ ಮರದ ಕಪಾಟಿನೊಳಗೆ 43. ಕಪಾಟಿನ ಬಾಗಿಲು ತೆಗೆದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಹೊಡೆಯುತ್ತದಲ್ಲ, ಹಾಗೆ ಬಿಸಿ ಹೊಡೆಯಿತು. ಒಳಗಿನ ಹಲಗೆ ಮುಟ್ಟಿದರೆ ಬೆಚ್ಚಗಿತ್ತು. ಸದ್ದು ಕೇಳಬಾರದು ಎಂದು ಕಂಪ್ಯೂಟರ್‌ಗೆ ನಾನೇ ಹೇಳಿ ಮಾಡಿಸಿದ ಕಪಾಟು ಅದು. ನಾಲ್ಕೂ ಕಡೆ ಮುಚ್ಚಿತ್ತು. ಕೇಬಲ್‌ಗೆಂದು ಹಿಂದೆ ಒಂದು ತೂತು, ಅಷ್ಟೇ.

ಪ್ರೊಸೆಸರ್‌ನ ಬಿಸಿ ನೋಡಲು ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯೂಇನ್ಫೋ ಎಂಬ ಪ್ರೋಗ್ರಾಂ ಸಾಕು. ಅದರ ಲಾಗ್ ಆನ್ ಮಾಡಿ ಇಡೀ ಸೆಷನ್ ಬರೆಸಿಕೊಳ್ಳಿ. ಇಂಟೆಲ್‌ನ ಬಹುಪಾಲು ಪ್ರೊಸೆಸರ್‌ಗಳು 100 ಡಿಗ್ರಿಯ ಹತ್ತಿರ ತಾವೇ ವೇಗ ಇಳಿಸಿಕೊಳ್ಳುತ್ತವೆ. ಎಎಂಡಿಯ ರೈಜನ್ 5000 ಸರಣಿಯಲ್ಲಿ ಆ ಗಡಿ ಹೆಚ್ಚಾಗಿ 90, 7000 ಸರಣಿಯಲ್ಲಿ 95. ಮ್ಯಾಕ್‌ನಲ್ಲಾದರೆ ಆಕ್ಟಿವಿಟಿ ಮಾನಿಟರ್ ತೆರೆಯಿರಿ. ಕರ್ನಲ್ ಟಾಸ್ಕ್ ಎಂಬ ಸಾಲು ತುಂಬ ಪ್ರೊಸೆಸರ್ ಸಮಯ ತಿನ್ನುತ್ತಿರುವಂತೆ ಕಂಡರೆ, ಯಂತ್ರ ಬಿಸಿ ತಡೆಯಲು ಬೇರೆ ಕೆಲಸಗಳನ್ನು ಹಿಂದೆ ತಳ್ಳುತ್ತಿರಬಹುದು.

ಕ್ಲಿಕ್ ಬಿಸಿಯಿಂದಲೇ ಬಂತಾ?

ರೆಕಾರ್ಡಿಂಗ್ ಸಾಫ್ಟ್‌ವೇರ್ ಸದ್ದನ್ನು ಸಣ್ಣ ಕಂತುಗಳಲ್ಲಿ ಸಾಗಿಸುತ್ತದೆ, ಕಂತಿನ ಗಾತ್ರವೇ ಬಫರ್. 48 ಕಿಲೋಹರ್ಟ್ಸ್‌ನಲ್ಲಿ ಬಫರ್ 128 ಇಟ್ಟರೆ ಪ್ರೊಸೆಸರ್‌ಗೆ ಸಿಗುವ ಸಮಯ 2.7 ಮಿಲಿಸೆಕೆಂಡ್. ಅಷ್ಟರೊಳಗೆ ಒಂದು ಕಂತು ಮುಗಿಸಿ ಕೊಡಬೇಕು, ಮತ್ತೆ ಮುಂದಿನದು. ಬಿಸಿಯಿಂದ ವೇಗ ಇಳಿದರೆ ಒಂದು ಕಂತು ತಪ್ಪುತ್ತದೆ. ಆ ತಪ್ಪಿದ ಕಂತೇ ನಮಗೆ ಕೇಳುವ ಟಕ್.

ಆದರೆ ಎಲ್ಲ ಕ್ಲಿಕ್ಕೂ ಬಿಸಿಯದಲ್ಲ. ಬೆಳಿಗ್ಗೆ ಯಂತ್ರ ಆನ್ ಮಾಡಿದ ಐದು ನಿಮಿಷದಲ್ಲೇ ಕ್ಲಿಕ್ ಬಂದರೆ ಬಿಸಿಯನ್ನು ಬಿಡಿ, ಡ್ರೈವರ್ (ಯಂತ್ರದ ಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ನೋಡಿ. ವಿಂಡೋಸ್‌ನಲ್ಲಿ, ಯಾವ ಡ್ರೈವರ್ ತಡ ಮಾಡುತ್ತಿದೆ ಎಂದು ತೋರಿಸುವ ಲೇಟೆನ್ಸಿಮಾನ್ ಓಡಿಸಿ, ವೈಫೈ ಆಫ್ ಮಾಡಿ ಹೋಲಿಸಿ. ಅರ್ಧ ಗಂಟೆ ಆದಮೇಲೆ ಶುರುವಾಗಿ, ಹೊತ್ತು ಹೋದ ಹಾಗೆ ಹೆಚ್ಚುವ ಕ್ಲಿಕ್ ಬಿಸಿಯದು. ಬಫರ್ 512ಕ್ಕೆ ಏರಿಸಿದರೆ ಸಮಯ 10.7 ಮಿಲಿಸೆಕೆಂಡ್ ಸಿಗುತ್ತದೆ, ಕ್ಲಿಕ್ ಮಾಯವಾಗುತ್ತವೆ. ಅದನ್ನು ವಾಸಿ ಎಂದುಕೊಳ್ಳಬೇಡಿ. ಲಾಗ್‌ನಲ್ಲಿ ಬಿಸಿಯ ಅಂಕಿ ಹಾಗೇ ನಿಂತಿರುತ್ತದೆ. ಹಾಡುವವರಿಗೆ ಹೆಡ್‌ಫೋನ್‌ನಲ್ಲಿ ತಮ್ಮದೇ ದನಿ ತಡವಾಗಿ ಕೇಳುವ ಹೊಸ ಕಾಟ ಬೇರೆ.

ಎಸಿ ಆಫ್ ಮಾಡಿದ ಮೇಲೆ ಏನಾಗುತ್ತದೆ

ನಮ್ಮ ಕಡೆಯ ಸಣ್ಣ ಸ್ಟುಡಿಯೋಗಳಲ್ಲಿ ಇದು ದೊಡ್ಡ ಕಾರಣ. ಟೇಕ್ ಶುರುವಾಗುವಾಗ ಎಸಿ ಆಫ್, ಸೀಲಿಂಗ್ ಫ್ಯಾನ್ ಆಫ್, ಬಾಗಿಲು ಭದ್ರ. ಸುತ್ತ ದಪ್ಪ ಪರದೆ. ಸುಮ್ಮನೆ ಕೂತ ಒಬ್ಬ ಮನುಷ್ಯ ಸುಮಾರು 100 ವಾಟ್ ಬಿಸಿ ಬಿಡುತ್ತಾನೆ. ಇಬ್ಬರು ಕಲಾವಿದರು, ಒಂದು ಕಂಪ್ಯೂಟರ್, ಮಾನಿಟರ್, ಸ್ಪೀಕರ್ ಎಲ್ಲ ಸೇರಿದರೆ ಆ ಮುಚ್ಚಿದ ಕೋಣೆಯಲ್ಲಿ 400 ವಾಟ್‌ನ ಒಂದು ಹೀಟರ್ ಉರಿಯುತ್ತಿರುವ ಲೆಕ್ಕ. ಕಂಪ್ಯೂಟರ್ ತಿನ್ನುವ ಕರೆಂಟ್ ಪೂರ್ತಿ ಕೊನೆಗೆ ಬಿಸಿಯೇ ಆಗುತ್ತದೆ, ಎಲ್ಲಿಗೂ ಹೋಗುವುದಿಲ್ಲ.

ಕೋಣೆ 24ರಿಂದ 31ಕ್ಕೆ ಏರಿದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅದೇ 7 ಡಿಗ್ರಿ ಏರುತ್ತದೆ. 68ರಲ್ಲಿ ತಣ್ಣಗಿದ್ದ ಫ್ಯಾನ್ 75ಕ್ಕೆ ಓಡತೊಡಗುತ್ತದೆ. ಮೊದಲ ಟೇಕ್ ಶುದ್ಧ, ನಾಲ್ಕನೆಯದು ಹಾಳು ಎಂಬುದಕ್ಕೆ ಕಾರಣ ಇದೇ. ಏಪ್ರಿಲ್, ಮೇನಲ್ಲಿ 40 ದಾಟುವ ರಾಯಚೂರು, ಕಲಬುರಗಿಯಲ್ಲಿ ಕೆಲಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲೂ ಒಂದು ಸಂಗತಿ ಇದೆ. ಊರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಗಾಳಿ ಸುಮಾರು 10% ತೆಳು. ಫ್ಯಾನ್ ಅಷ್ಟೇ ತಿರುಗಿದರೂ ಹೊತ್ತೊಯ್ಯುವ ಬಿಸಿ ಸ್ವಲ್ಪ ಕಡಿಮೆ.

ಮದ್ದು ಏನು? ಕಲಾವಿದರು ಬರುವ ಒಂದು ಗಂಟೆ ಮೊದಲೇ ಎಸಿ ಹಾಕಿ, ಗೋಡೆ ನೆಲ ಎಲ್ಲ ತಣ್ಣಗಾಗಲಿ. ಗಾಳಿ ಬೇಗ ತಣ್ಣಗಾಗುತ್ತದೆ, ಬೇಗ ಬಿಸಿಯೂ ಆಗುತ್ತದೆ. ಗೋಡೆ ತಣ್ಣಗಾಗಲು ಹೊತ್ತು ಬೇಕು, ಆದರೆ ಒಮ್ಮೆ ತಣ್ಣಗಾದರೆ ತಡೆದುಕೊಳ್ಳುತ್ತದೆ. 20 ನಿಮಿಷಕ್ಕೊಮ್ಮೆ ಬಾಗಿಲು ತೆಗೆದು ಐದು ನಿಮಿಷ ಎಸಿ ಓಡಿಸಿ. ಕಲಾವಿದರಿಗೂ ಒಂದು ಲೋಟ ನೀರು ಕುಡಿಯಲು ಹೊತ್ತು ಸಿಗುತ್ತದೆ.

ಟವರ್ ಒಳಗೆ

ಎರಡು ಥರ್ಮಾಮೀಟರ್ ಓದು ಹತ್ತಿರ ಹತ್ತಿರ ಇದ್ದವರಿಗೆ ಈ ಭಾಗ. ಮೊದಲ ಅನುಮಾನ ಧೂಳು. ನಮ್ಮ ಪ್ರೊಸೆಸರ್ ಫ್ಯಾನ್ ಬಿಚ್ಚಿದಾಗ ಮೇಲೆ ನೋಡಿದರೆ ಸ್ವಚ್ಛ ಅನ್ನಿಸುತ್ತಿತ್ತು. ಫ್ಯಾನ್‌ಗೂ ಹೀಟ್‌ಸಿಂಕ್‌ಗೂ (ಪ್ರೊಸೆಸರ್‌ನ ಬಿಸಿ ಎಳೆದುಕೊಳ್ಳುವ ಲೋಹದ ಭಾಗ) ನಡುವೆ, ಹೊರಗಿನಿಂದ ಕಾಣದ ಜಾಗದಲ್ಲಿ, ಬೂದು ಬಣ್ಣದ ಸಣ್ಣ ಕಂಬಳಿಯೇ ಹಾಸಿತ್ತು. ಉಗುರಿನಿಂದ ತುದಿ ಹಿಡಿದು ಎಳೆದರೆ ಒಂದೇ ತುಂಡಾಗಿ ಬಂತು. ಬೆಳಿಗ್ಗೆ ಸ್ಟುಡಿಯೋ ತೆರೆದ ಕೂಡಲೇ ಊದುಬತ್ತಿ ಹಚ್ಚುವ ರೂಢಿ ನಮ್ಮಲ್ಲಿದೆ. ಆ ಹೊಗೆಯ ಜಿಡ್ಡು ಧೂಳನ್ನು ಹಿಡಿದು ಅಂಟಿಸಿಬಿಡುತ್ತದೆ. ರೂಢಿ ಬಿಡಬೇಕಾಗಿಲ್ಲ. ಊದುಬತ್ತಿಯನ್ನು ಟವರ್ ಗಾಳಿ ಎಳೆಯುವ ಬದಿಯಿಂದ ದೂರ ಇಡಿ, ಸಾಕು. ಆಯುಧ ಪೂಜೆಯ ದಿನ ಕಂಪ್ಯೂಟರ್‌ಗೂ ಅರಿಶಿನ ಕುಂಕುಮ ಹಚ್ಚುತ್ತೇವೆ. ಹಿಂದಿನ ದಿನವೇ ಬಿಚ್ಚಿ ಒರೆಸಿದರೆ ಅದೂ ಪೂಜೆಯ ಭಾಗವೇ ಎಂದು ನನ್ನ ಭಾವನೆ. ಬೇಸಿಗೆ ಶುರುವಾಗುವ ಮೊದಲು, ಯುಗಾದಿ ಹೊತ್ತಿಗೆ, ಇನ್ನೊಂದು ಸಲ.

ಸ್ವಚ್ಛ ಮಾಡುವ ಬಗೆ: ಪ್ಲಗ್ ಕಿತ್ತು, ಟವರ್ ಹೊರಗೆ ಒಯ್ದು, ಒಣ ಬ್ರಶ್‌ನಿಂದ ಸಡಿಲಿಸಿ ಬ್ಲೋವರ್ ಹಿಡಿಯಿರಿ. ನೀರು, ಒದ್ದೆ ಬಟ್ಟೆ ಒಳಗೆ ಬೇಡವೇ ಬೇಡ. ಗಾಳಿ ಬಿಡುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬ್ಲೋವರ್ ರಭಸಕ್ಕೆ ಫ್ಯಾನ್ ಗಿರ್ರನೆ ತಿರುಗಿದರೆ ಬೇರಿಂಗ್ ಕೆಡುತ್ತದೆ, ಆಮೇಲೆ ಅದೇ ಹೊಸ ಸದ್ದು.

ಧೂಳು ತೆಗೆದರೂ ಬಿಸಿ ಇಳಿಯದಿದ್ದರೆ ಪ್ರೊಸೆಸರ್‌ಗೂ ಹೀಟ್‌ಸಿಂಕ್‌ಗೂ ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿರಬಹುದು, ಹೀಟ್‌ಸಿಂಕ್ ಒಂದು ಮೂಲೆಯಲ್ಲಿ ಎದ್ದಿರಬಹುದು. ಹಳೇ ಪೇಸ್ಟ್ ಅನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಬಟಾಣಿ ಗಾತ್ರದ ಹೊಸದು ಹಾಕಿ. ಇನ್ನೂ ಸದ್ದು ಮಾಡುವ ಹಾರ್ಡ್ ಡಿಸ್ಕ್ ಇದ್ದರೆ ಅದನ್ನು ಎಸ್‌ಎಸ್‌ಡಿಗೆ ಬದಲಿಸಿ, ಬೇರೆ ಯೋಚನೆ ಬೇಡ. ವಾಟರ್ ಕೂಲಿಂಗ್ ಹಾಕಿದರೆ ಪೂರ್ತಿ ನಿಶ್ಶಬ್ದ ಎಂದು ನಂಬಿ ಖರ್ಚು ಮಾಡಬೇಡಿ. ಅದರಲ್ಲೂ ಫ್ಯಾನ್ ಇದೆ, ಮೇಲೆ ಪಂಪ್‌ನ ಕೀರಲೂ ಇರಬಹುದು.

ಸೆಟ್ಟಿಂಗ್‌ನಲ್ಲಿ ಎರಡು ಬದಲಾವಣೆ ಮಾಡಿ. ವಿಂಡೋಸ್‌ನ ಪವರ್ ಆಪ್ಶನ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 99% ಮಾಡಿದರೆ ಸಾಮಾನ್ಯವಾಗಿ ಟರ್ಬೊ (ಪ್ರೊಸೆಸರ್ ತಾನೇ ಏರಿಸಿಕೊಳ್ಳುವ ಹೆಚ್ಚಿನ ವೇಗ) ನಿಲ್ಲುತ್ತದೆ, ಬಿಸಿ ಚೆನ್ನಾಗಿ ಇಳಿಯುತ್ತದೆ. ಹಾಡು ತುಂಬಿಸಿಕೊಳ್ಳುವಾಗ ಅಷ್ಟು ಶಕ್ತಿ ಬೇಕಾಗಿಲ್ಲ. ಸದ್ದಿಗೆ ಎಫೆಕ್ಟ್ ಹಾಕುವ ಭಾರದ ಪ್ಲಗಿನ್‌ಗಳನ್ನು ಫ್ರೀಜ್ ಮಾಡಿಡಿ, ಆಗ ಅವು ಪ್ರೊಸೆಸರ್‌ಗೆ ಹೊರೆಯಾಗುವುದಿಲ್ಲ. ಮಿಕ್ಸಿಂಗ್ ಹೊತ್ತಿಗೆ ಎಲ್ಲ ವಾಪಸ್ ಆನ್ ಮಾಡಿ. ಆಗ ಮೈಕ್ ಆಫ್ ಇರುತ್ತದೆ, ಫ್ಯಾನ್ ಎಷ್ಟು ಬೇಕಾದರೂ ಕೂಗಲಿ. ಎರಡನೆಯದು, ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್) ಎಷ್ಟು ಬಿಸಿಗೆ ಎಷ್ಟು ವೇಗ ಎಂದು ಹೇಳುವ ಫ್ಯಾನ್ ಗೆರೆಯನ್ನು ಸುಮಾರು 70 ಡಿಗ್ರಿಯ ತನಕ ಸಮತಟ್ಟಾಗಿ ಇಡಿ, ಅಲ್ಲಿಂದ ಮೇಲೆ ಏರಲಿ. ವೇಗ ಬದಲಾಗಲು ತೆಗೆದುಕೊಳ್ಳುವ ಹೊತ್ತು ಹೆಚ್ಚಿಸಿ. ಒಂದೇ ಸಮ ಇರುವ ಸದ್ದನ್ನು ನಾಯ್ಸ್ ರಿಡಕ್ಷನ್ ಒಂದು ಮಾದರಿ ತೆಗೆದುಕೊಂಡು ಅಳಿಸಬಲ್ಲದು. ಏರಿಳಿಯುವ ಸದ್ದಿಗೆ ಯಾವ ಮಾದರಿ ಕೊಡುತ್ತೀರಿ? ಅಳಿಸಲು ಹೋದರೆ ವೀಣೆಯ ನಾದವೂ ಜೊತೆಗೆ ಹೋಗುತ್ತದೆ.

ಗಾಳಿಗೆ ದಾರಿ ಮಾಡಿಕೊಡುವುದು

ಈಗ ನಮ್ಮ ಕಪಾಟಿಗೆ ಬರುತ್ತೇನೆ. ಸದ್ದು ಅಡಗಿಸಲು ಕಂಪ್ಯೂಟರ್ ಅನ್ನು ಪೆಟ್ಟಿಗೆಯಲ್ಲಿಡುವುದು ತಪ್ಪಲ್ಲ. ಗಾಳಿಯ ಲೆಕ್ಕ ಹಾಕದೆ ಇಡುವುದು ತಪ್ಪು.

ಲೆಕ್ಕ ಹೀಗಿದೆ. ವಾಟ್ ಅನ್ನು 3ರಿಂದ ಗುಣಿಸಿ, ಒಳಗಿನ ಗಾಳಿ ಎಷ್ಟು ಡಿಗ್ರಿ ಏರಿದರೆ ಪರವಾಗಿಲ್ಲವೋ ಅದರಿಂದ ಭಾಗಿಸಿ. ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಬೇಕು ಎಂಬುದು ಸಿಗುತ್ತದೆ. 200 ವಾಟ್ ಯಂತ್ರ, 10 ಡಿಗ್ರಿ ಏರಿಕೆ ಎಂದರೆ ಗಂಟೆಗೆ 60 ಘನ ಮೀಟರ್. ಬೆಂಗಳೂರಿನ ತೆಳು ಗಾಳಿಗೆ 66 ಎಂದುಕೊಳ್ಳಿ.

ಈಗ ಕಂಡಿ ಎಷ್ಟು ದೊಡ್ಡದಿರಬೇಕು? ಗಾಳಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹೋದರೆ ಸದ್ದು ಕೇಳುವುದೇ ಕಷ್ಟ. ಆ ವೇಗಕ್ಕೆ 60 ಘನ ಮೀಟರ್ ಸಾಗಿಸಲು 13 ಸೆಂಟಿಮೀಟರ್ ಉದ್ದ, 13 ಅಗಲದ ಕಂಡಿ ಬೇಕು. ಒಳಗೆ ಬರಲು ಒಂದು, ಹೊರಗೆ ಹೋಗಲು ಒಂದು. ನಮ್ಮ ಕಪಾಟಿನ ಕೇಬಲ್ ತೂತು 5 ಸೆಂಟಿಮೀಟರ್ ದುಂಡು. ಅದರಲ್ಲಿ ಅಷ್ಟು ಗಾಳಿ ಹೋಗಬೇಕಾದರೆ ಸೆಕೆಂಡಿಗೆ 8 ಮೀಟರ್‌ಗೂ ಜಾಸ್ತಿ ವೇಗ ಬೇಕು. ಹೋಗುವುದು ಸಾಧ್ಯವೇ ಇಲ್ಲ, ಹೋದರೆ ಸಿಳ್ಳೆ ಹೊಡೆಯುತ್ತದೆ. ಒಳಗೆ 43 ಡಿಗ್ರಿ ಯಾಕೆ ಎಂಬುದಕ್ಕೆ ಇಷ್ಟೇ ಉತ್ತರ.

ದೊಡ್ಡ ಕಂಡಿ ಮಾಡಿದರೆ ಸದ್ದು ಹೊರಗೆ ಬರುವುದಿಲ್ಲವಾ ಎಂದು ಎಲ್ಲರೂ ಕೇಳುತ್ತಾರೆ. ನೇರ ಬಿಟ್ಟರೆ ಬರುತ್ತದೆ. ಅದಕ್ಕೆ ಕಂಡಿಯ ಮುಂದೆ ಮಡಚಿದಂಥ ಒಂದು ಸುತ್ತು ದಾರಿ ಮಾಡಬೇಕು. ಹಳೇ ಮನೆಗಳಲ್ಲಿ ಬೀದಿಯಲ್ಲಿ ನಿಂತರೆ ನಡುಮನೆ ಕಾಣದ ಹಾಗೆ ಬಾಗಿಲಿಗೆ ಅಡ್ಡ ಗೋಡೆ ಕಟ್ಟುತ್ತಿದ್ದರಲ್ಲ, ಹಾಗೆ. ಗಾಳಿ ಎರಡು ಸಲ ತಿರುಗಿ ಹೋಗುತ್ತದೆ. ಸದ್ದು ಪ್ರತಿ ತಿರುವಿನಲ್ಲೂ ಗೋಡೆಗೆ ಬಡಿದು ಕುಗ್ಗುತ್ತದೆ. ಆ ದಾರಿಯ ಒಳಮೈಗೆ 25ರಿಂದ 50 ಮಿಲಿಮೀಟರ್ ದಪ್ಪದ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ಅನ್ನು ಬಟ್ಟೆಯಲ್ಲಿ ಸುತ್ತಿ ಅಂಟಿಸಿ. ಅಂಟಿಸಿದ ಮೇಲೂ ದಾರಿಯ ಅಗಲ ಆ 13 ಸೆಂಟಿಮೀಟರ್ ಉಳಿಯಬೇಕು, ಅದನ್ನು ಬಡಗಿಗೆ ಮೊದಲೇ ಹೇಳಿ. ಮೊಟ್ಟೆ ಟ್ರೇ, ಥರ್ಮೊಕೋಲ್ ಬೇಡ. ಸದ್ದು ತಡೆಯುವ ಶಕ್ತಿ ಅವಕ್ಕೆ ಇಲ್ಲ, ಬೇಗ ಬೆಂಕಿ ಹತ್ತುತ್ತದೆ. ಹಗಲು ರಾತ್ರಿ ಬಿಸಿ ಬಿಡುವ ಪೆಟ್ಟಿಗೆಯ ಪಕ್ಕ ಅವನ್ನು ಇಡುವುದು ನನಗೆ ಭಯದ ವಿಷಯ.

ತಣ್ಣನೆಯ ಗಾಳಿ ಮುಂದೆ ಕೆಳಗಿನಿಂದ ಬರಲಿ, ಬಿಸಿ ಗಾಳಿ ಹಿಂದೆ ಮೇಲಿನಿಂದ ಹೋಗಲಿ. ಕಪಾಟಿನ ಹಿಂದೆ ಗೋಡೆಗೆ ಒಂದು ಗೇಣು ಜಾಗ ಬಿಡಿ. ಇಲ್ಲೊಂದು ಮೋಸ ಇದೆ. ಟವರ್‌ನ ಹಿಂದಿನಿಂದ ಹೊರಬಂದ ಬಿಸಿ ಗಾಳಿ ಪಕ್ಕದಿಂದ ಸುತ್ತಿ ಮತ್ತೆ ಮುಂದಿನ ಬಾಯಿಗೇ ಹೋಗುತ್ತದೆ. ಟವರ್ ಸುತ್ತಲಿನ ಸಂದನ್ನು ಫೋಮ್ ಪಟ್ಟಿಯಿಂದ ಮುಚ್ಚಿ, ಮುಂದಿನ ಭಾಗ ಬೇರೆ, ಹಿಂದಿನ ಭಾಗ ಬೇರೆ ಮಾಡಿ. ಸರಿಯಾಗಿದೆಯಾ ಎಂದು ನೋಡಲು ಊದುಬತ್ತಿಯೇ ಸಾಧನ. ಹಚ್ಚಿ, ಕೆಳಗಿನ ಕಂಡಿಯ ಮುಂದೆ ಹಿಡಿಯಿರಿ. ಹೊಗೆ ನೇರ ಒಳಗೆ ಹೋಗಬೇಕು. ಮೇಲಿನ ಕಂಡಿಯ ಹತ್ತಿರ ಹಿಡಿದರೆ ಹೊಗೆ ದೂರ ತಳ್ಳಿಸಿಕೊಳ್ಳಬೇಕು. ಎಲ್ಲಾದರೂ ಹಿಂದೆ ತಿರುಗಿ ಸುಳಿದರೆ ಅಲ್ಲಿ ಸೋರಿಕೆ ಇದೆ. ಒಂದು ನಿಮಿಷದ ಕೆಲಸ, ಮುಗಿಸಿ ಆರಿಸಿಬಿಡಿ.

ಫ್ಯಾನ್ ಆಯ್ಕೆ ಮಾಡುವಾಗ ಒಂದು ಲೆಕ್ಕ ನೆನಪಿಡಿ. ಫ್ಯಾನ್‌ನ ವೇಗ ಅರ್ಧ ಮಾಡಿದರೆ ಸದ್ದು ಸುಮಾರು 15 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಇಳಿಯುತ್ತದೆ. ಒಂದೇ ತರಹದ ಎರಡು ಫ್ಯಾನ್ ಇಟ್ಟರೆ 3 ಡಿಬಿ ಮಾತ್ರ ಏರುತ್ತದೆ. ಅಂದರೆ ಒಂದು ಫ್ಯಾನ್ ಜೋರಾಗಿ ಓಡಿಸುವ ಬದಲು ಎರಡನ್ನು ಅರ್ಧ ವೇಗದಲ್ಲಿ ಓಡಿಸಿದರೆ, ದಾರಿ ಸಲೀಸಾಗಿದ್ದರೆ, ಸಾಗುವ ಗಾಳಿ ಅಷ್ಟೇ, ಸದ್ದು 12 ಡಿಬಿ ಕಡಿಮೆ. ನಾವು ಕಪಾಟಿನ ಹಿಂದೆ 140 ಮಿಲಿಮೀಟರ್‌ನ ಎರಡು ಫ್ಯಾನ್ ಹಾಕಿ 500 ಆರ್‌ಪಿಎಂ ಸುತ್ತಮುತ್ತ ಓಡಿಸುತ್ತಿದ್ದೇವೆ. ಮೈಕ್‌ಗೆ ಅವು ಇವೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ರಾಕ್‌ವೂಲ್ ಹುಸ್ಸ್ ಸದ್ದನ್ನು ಚೆನ್ನಾಗಿ ನುಂಗುತ್ತದೆ, ಗುಂಯ್ ಸದ್ದನ್ನು ಅಷ್ಟಾಗಿ ಅಲ್ಲ. ಗುಂಯ್ ಗಾಳಿಯಲ್ಲಷ್ಟೇ ಬರುವುದಿಲ್ಲ, ಮರದಲ್ಲೂ ಬರುತ್ತದೆ. ಟವರ್ ನಡುಗಿದರೆ ಅದು ಕೂತ ಹಲಗೆಯೂ ನಡುಗುತ್ತದೆ. ತಂತಿಯ ಸಣ್ಣ ಸದ್ದನ್ನು ವೀಣೆಯ ಕೊಡ ದೊಡ್ಡದು ಮಾಡುವ ಹಾಗೆಯೇ ಇಡೀ ಕಪಾಟು ಅದನ್ನು ದೊಡ್ಡದು ಮಾಡುತ್ತದೆ. ಓಡುತ್ತಿರುವಾಗ ಟವರ್ ಅನ್ನು ಎರಡೂ ಕೈಯಿಂದ ಒಂದು ಬೆರಳಿನಷ್ಟು ಎತ್ತಿ ಹಿಡಿಯಿರಿ. ಒಳಗೆ ಹಾರ್ಡ್ ಡಿಸ್ಕ್ ಇದ್ದರೆ ಕೈ ಅಲುಗದಿರಲಿ. ಗುಂಯ್ ಇಳಿಯಿತಾ? ಹಾಗಿದ್ದರೆ ಕಾಲಡಿಗೆ ಮೆತ್ತನೆಯ ರಬ್ಬರ್ ತುಂಡು ಇಡಿ. ನಾನು ಹಳೇ ಮೌಸ್ ಪ್ಯಾಡ್ ಕತ್ತರಿಸಿ ಎರಡು ಪದರ ಹಾಕಿದೆ.

ಲ್ಯಾಪ್‌ಟಾಪ್‌ನವರಿಗೆ

ಮನೆಯಲ್ಲೇ ಆಡಿಯೋ ಪುಸ್ತಕ ಓದುವವರು, ಡಬ್ಬಿಂಗ್ ಮಾಡುವವರು ಹೆಚ್ಚಾಗಿ ಲ್ಯಾಪ್‌ಟಾಪ್ ಎದುರಿಗೇ ಮೈಕ್ ಇಟ್ಟಿರುತ್ತಾರೆ. ಹಾಸಿಗೆ, ದಿಂಬಿನ ಮೇಲೆ ಇಡಬೇಡಿ, ಅಡಿಯ ಬಾಯಿ ಮುಚ್ಚಿಹೋಗುತ್ತದೆ. ಹಿಂಬದಿ ಎರಡು ಇಂಚು ಎತ್ತಿಡಿ. ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕ್‌ನ ಬೆನ್ನಿಗೆ ಕಿವಿ ಮಂದ, ಲ್ಯಾಪ್‌ಟಾಪ್ ಆ ಬೆನ್ನಿನ ಕಡೆ ಬರುವ ಹಾಗೆ ಕೂರಿ. ದೂರ ಎರಡು ಪಟ್ಟಾದರೆ ಸದ್ದು 6 ಡಿಬಿ ತನಕ ಇಳಿಯಬಹುದು, ಸಣ್ಣ ಕೋಣೆಯಲ್ಲಿ ಅದಕ್ಕಿಂತ ಕಡಿಮೆ. ಎಂ1 ಚಿಪ್‌ನ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನ್ ಇಲ್ಲವೇ ಇಲ್ಲ. ಓದುವ ಕೆಲಸಕ್ಕೆ ಅದು ಬಂಗಾರ. ಗಂಟೆಗಟ್ಟಲೆ ಭಾರದ ಮಿಕ್ಸ್ ಓಡಿಸಿದರೆ ಮಾತ್ರ ಬಿಸಿಯಾಗಿ ನಿಧಾನವಾಗುತ್ತದೆ. ಆಡಿಯೋ ಪುಸ್ತಕಕ್ಕೆ ಎಸಿಎಕ್ಸ್ (ಆಡಿಬಲ್‌ಗೆ ಪುಸ್ತಕ ಒಪ್ಪಿಸುವ ತಾಣ) ಕೇಳುವ ಹಿನ್ನೆಲೆ ಸದ್ದಿನ ಮಿತಿ ಮೈನಸ್ 60 ಡಿಬಿ. ಆ 30 ಸೆಕೆಂಡ್ ಕಡತ ಅಳೆದು ನೋಡಿಕೊಳ್ಳಿ.

ಕೊನೆಯ ದಾರಿ: ಯಂತ್ರವನ್ನೇ ಆಚೆ ಇಡುವುದು

ದೊಡ್ಡ ಸ್ಟುಡಿಯೋಗಳಲ್ಲಿ ಯಂತ್ರಗಳಿಗೇ ಬೇರೆ ಕೋಣೆ ಇರುತ್ತದೆ. ಜಾಗ ಇದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಅಡ್ಡ ಬರುವುದು ಕೇಬಲ್ ಉದ್ದ. ಸಾಮಾನ್ಯ ಯುಎಸ್‌ಬಿ 2 ಕೇಬಲ್ 5 ಮೀಟರ್‌ಗೆ ಮುಗಿಯುತ್ತದೆ. ಥಂಡರ್‌ಬೋಲ್ಟ್‌ನ ತಾಮ್ರದ ಕೇಬಲ್ ಸುಮಾರು 2 ಮೀಟರ್‌ಗೇ ಸಾಕು ಅನ್ನುತ್ತದೆ, ಮುಂದೆ ಆಪ್ಟಿಕಲ್ ಬೇಕು, ಅದು ದುಬಾರಿ. ಈಥರ್‌ನೆಟ್ 100 ಮೀಟರ್ ಹೋಗುತ್ತದೆ, ನೆಟ್‌ವರ್ಕ್ ಮೇಲೆ ಓಡುವ ಆಡಿಯೋ ಇಂಟರ್‌ಫೇಸ್ ಇದ್ದವರಿಗೆ ಇದು ಸುಲಭ. ಗೋಡೆಯ ತೂತಿಗೆ ರಾಕ್‌ವೂಲ್ ತುಂಬಿ ಎರಡೂ ಕಡೆ ಪುಟ್ಟಿ ಹಚ್ಚಿ. ಬೆರಳು ತೂರುವಷ್ಟು ಸಂದು ಉಳಿದರೂ ಸದ್ದು ಅಲ್ಲಿಂದ ಬರುತ್ತದೆ. ಅಟ್ಟದ ಮೇಲೆ ಮಾತ್ರ ಇಡಬೇಡಿ. ಆರ್‌ಸಿಸಿ ಸೂರಿನ ಕೆಳಗಿನ ಆ ಜಾಗ ಬೇಸಿಗೆಯಲ್ಲಿ ಮನೆಗೇ ಬಿಸಿ. ಬಿಸಿಲು, ಇರಚಲು ಬೀಳುವ ಬಾಲ್ಕನಿಯೂ ಬೇಡ. ನೆರಳಿರುವ ಪ್ಯಾಸೇಜ್ ಒಳ್ಳೆಯದು.

ನಮಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಕಪಾಟು ಸರಿಮಾಡಿದ ಮೇಲೆ ಕೋಣೆ 29 ಇದ್ದಾಗ ಟವರ್ ಬಾಯಿಯಲ್ಲಿ 31, ಪ್ರೊಸೆಸರ್ 74. ವೀಣೆ ಟೀಚರ್ ಜೂನ್‌ನಲ್ಲಿ ಮತ್ತೆ ಬಂದರು. ಒಂಬತ್ತು ಟೇಕ್ ತೆಗೆದುಕೊಂಡೆವು, ಒಂಬತ್ತನೆಯದರಲ್ಲೂ ಕೊನೆಯ ಮೀಟು ಪೂರ್ತಿ ಕರಗುವ ತನಕ ಅಡಿಯಿಂದ ಏನೂ ಏಳಲಿಲ್ಲ. ಅವತ್ತಿನ 30 ಸೆಕೆಂಡ್ ಖಾಲಿ ಕೋಣೆಯ ಕಡತವನ್ನು ತಾರೀಖು, ಕೋಣೆಯ ಬಿಸಿ, ಫ್ಯಾನ್ ಆರ್‌ಪಿಎಂ ಹೆಸರಿನಲ್ಲೇ ಬರೆದು ಉಳಿಸಿಕೊಂಡಿದ್ದೇನೆ. ನೀವೂ ಎಲ್ಲ ಸರಿ ಇರುವ ದಿನವೇ ಅಂಥದ್ದೊಂದು ತೆಗೆದಿಡಿ. ಮುಂದೆ ಗುಂಯ್ ಅಂದಾಗ ಹೋಲಿಸಲು ಬೇಕಾಗುತ್ತದೆ.